ಕೂಗಿದ ತೂಕ, ತೂಗಿದ ತೂಕ

"ಈ ಮಕ್ಕಳನ್ನ ಯಾವ ಊರಿಂದ ಎರವಲು ತಂದ್ರಿ, ಮೇಡಂ?"

ಹಾಸನದಿಂದ ಬಂದಿದ್ದ ಅಧಿಕಾರಿಯೊಬ್ಬರು ನನ್ನನ್ನು ಹೀಗೆ ಕೇಳಿ ನಾಲ್ಕು ತಿಂಗಳಾಯಿತು. ಎರವಲು ತರಲು ಮಕ್ಕಳೇನು ಜರಡಿಯೇ, ಒನಕೆಯೇ? ಹಾಗೆಂದು ಕೇಳಲು ಆಗ ನನಗೆ ಬಾಯಿ ಬರಲಿಲ್ಲ. (ಒಳ್ಳೆಯ ಉತ್ತರಗಳೆಲ್ಲ ನನಗೆ ಹೊಳೆಯುವುದು ಅಧಿಕಾರಿಗಳು ಹೋದ ಮೇಲೆಯೇ. ನಿಮಗೂ ಹಾಗೆಯೇ ತಾನೆ?)

ಅವರ ಒಂದು ಕೈಯಲ್ಲಿ ನನ್ನ ರಿಜಿಸ್ಟರು. ಅದರ ಪ್ರಕಾರ ನಮ್ಮ ಬಾಲವಾಡಿಯ ಇಪ್ಪತ್ತಾರು ಮಕ್ಕಳು ಆರು ತಿಂಗಳಿಂದ ದಿನಾ ಹಾಲು ಕುಡಿದು ತಿಂಗಳಿಂದ ತಿಂಗಳಿಗೆ ಸವೆಯುತ್ತ ಬಂದಿದ್ದವು. ಅವರ ಕಣ್ಣೆದುರಿಗೆ ಅದೇ ಇಪ್ಪತ್ತಾರು ಮಕ್ಕಳು. ದುಂಡು ಕೆನ್ನೆ, ಮೀಸೆಯಂತೆ ಮೂಡಿದ ಹಾಲಿನ ಗೆರೆ, ಕಿವಿ ಹರಿಯುವ ಕೂಗಾಟ. ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು. ಸುಳ್ಳು ಯಾವುದೆಂದು ಆ ಮಹಾನುಭಾವರು ಎರಡೇ ನಿಮಿಷದಲ್ಲಿ ತೀರ್ಮಾನಿಸಿಬಿಟ್ಟರು. ಮಕ್ಕಳು ಸುಳ್ಳು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಚನ್ನರಾಯಪಟ್ಟಣ ತಾಲ್ಲೂಕು, ದಂಡಿಗನಹಳ್ಳಿಯಿಂದ ಎರಡು ಮೈಲಿ ಒಳಗಿರುವ ಒಂದು ಊರಿನಲ್ಲಿ ಬಾಲವಾಡಿ ನಡೆಸುತ್ತೇನೆ. ಹುಟ್ಟಿದೂರು ಅರಕಲಗೂಡು. (ನಾನು ಸರಕಾರಿ ನೌಕರಳಲ್ಲ. ಹೆಂಗಸರ ಸಮಿತಿಯೊಂದು ಕೊಡುವ ಗೌರವಧನದವಳು. ಗೌರವ ಜಾಸ್ತಿ, ಧನ ಕಮ್ಮಿ. ಅದಕ್ಕೇ ಈ ಅಂಕಣ ಬರೆಯುವಷ್ಟು ಧೈರ್ಯ ಉಳಿದಿದೆ.) ಪ್ರೈಮರಿ ಶಾಲೆಯ ಜಗಲಿಯೇ ನಮ್ಮ ಬಾಲವಾಡಿ. ಒಳಗೆ ಶಿವನಂಜಯ್ಯ ಮೇಷ್ಟ್ರು ಮಗ್ಗಿ ಹೇಳಿಸಿದರೆ ಹೊರಗೆ ನಾನು ಮೂಗು ಒರೆಸುತ್ತಿರುತ್ತೇನೆ.

ಕಳೆದ ವರ್ಷ ನಮ್ಮ ಸಮಿತಿಯ ಮೂಲಕ ಹಾಲಿನ ಪುಡಿ ಬಂತು. ಕಡಲಾಚೆಯ ಯಾವುದೋ ದೇಶದ ಪುಣ್ಯಾತ್ಮರು ಕಳುಹಿಸಿದ್ದು. ಊರಿನವರು ಅದಕ್ಕೆ ಹಡಗಿನ ಹಾಲು ಎಂದು ಹೆಸರಿಟ್ಟರು. ಮೊದಲ ದಿನ ಮಕ್ಕಳು ಒಂದೇ ಗುಟುಕಿಗೆ ಉಗಿದವು. ಎರಡನೆಯ ದಿನ ಚೂರು ಬೆಲ್ಲ ಹಾಕಿದೆ. ಮೂರನೆಯ ದಿನ ಲೋಟ ನೆಕ್ಕಿದವು. ಒಂದು ವಾರ ಕಳೆಯುವಷ್ಟರಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಎನ್ನದೆ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಕಾಯತೊಡಗಿದವು. ಈ ಸಾಲು ನೋಡಿ ಮುಖ ಸಿಂಡರಿಸಿದವರು ಇಬ್ಬರು ಮೂವರು ಇದ್ದರು. ಹಾಲಿನ ವಾಸನೆ ಮೂಗಿಗೆ ಬಡಿದ ಮೇಲೆ ಅವರ ಮೊಮ್ಮಕ್ಕಳೇ ಓಡಿ ಬಂದು ಕೂತರು. ಮುಗಿಯಿತು.

ಪುಡಿಯ ಡ್ರಮ್ಮಿನ ಜೊತೆಗೆ ಇನ್ನೆರಡು ಸಾಮಾನು ಬಂದವು. ಒಂದು, ತೂಕದ ಯಂತ್ರ. ಗಡಿಯಾರದ ಮುಖದಂಥ ದುಂಡು ತಟ್ಟೆ, ಕೆಳಗೆ ಕೊಕ್ಕೆ, ಕೊಕ್ಕೆಗೆ ಚಡ್ಡಿಯ ಆಕಾರದ ಒಂದು ಚೀಲ. ಯಂತ್ರವನ್ನು ತೊಲೆಗೆ ನೇತುಹಾಕಿ ಮಗುವನ್ನು ಚೀಲದಲ್ಲಿ ಇಳಿಬಿಟ್ಟರೆ ಮುಳ್ಳು ತಿರುಗಿ ಪೌಂಡಿನ ಲೆಕ್ಕ ತೋರಿಸುತ್ತದೆ. ಇನ್ನೊಂದು, ರಿಜಿಸ್ಟರು. ಪ್ರತಿ ತಿಂಗಳೂ ಪ್ರತಿ ಮಗುವಿನ ತೂಕ ಬರೆಯಬೇಕು. ಆರು ತಿಂಗಳ ತೂಕ ನೋಡಿ ಹಾಲು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನ.

ಇದು ಅನ್ಯಾಯ ಎಂದು ನಾನು ಹೇಳುವುದಿಲ್ಲ. ಹಡಗಿನಲ್ಲಿ ಹಾಲು ಕಳುಹಿಸಿದವನಿಗೆ ಅದು ಮಗುವಿನ ಹೊಟ್ಟೆಗೆ ಸೇರಿತೋ, ಯಾರದೋ ಕಾಫಿ ಕ್ಲಬ್ಬಿಗೆ ಸೇರಿತೋ ಎಂದು ಕೇಳುವ ಹಕ್ಕಿಲ್ಲವೇ? ಇದೆ. ಖಂಡಿತ ಇದೆ.

ಮೋಸ ನಡೆಯಬಾರದೆಂದು ಒಂದು ನಿಯಮವನ್ನೂ ಮಾಡಿದ್ದರು. ತೂಗುವವರು ಬೇರೆ, ಬರೆಯುವವರು ಬೇರೆ. ತೂಗಿದವರು ತೂಕವನ್ನು ಗಟ್ಟಿಯಾಗಿ ಕೂಗಬೇಕು. ಬರೆಯುವವರು ಕೇಳಿದ್ದನ್ನು ಬರೆಯಬೇಕು. ತಿದ್ದುವಂತಿಲ್ಲ, ಹೊಡೆದು ಹಾಕುವಂತಿಲ್ಲ. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ನಾನು ತೂಗುವವಳು. ಬರೆಯುವವರು ಶಿವನಂಜಯ್ಯ ಮೇಷ್ಟ್ರು. ಹೊಳೆನರಸೀಪುರದ ಕಡೆಯವರು, ಐವತ್ತು ದಾಟಿದವರು, ಮುತ್ತಿನಂಥ ಅಕ್ಷರ. ನಿಯಮ ಎಂದರೆ ಅವರಿಗೆ ಜನಿವಾರ, ಶಿವದಾರ ಎಲ್ಲಕ್ಕಿಂತ ಮಿಗಿಲು.

ಮೊದಲ ತಿಂಗಳು ನಿಯಮದ ಪ್ರಕಾರವೇ ಕೂಗಿದೆ. "ಚಿಕ್ಕರಂಗ, ಇಪ್ಪತ್ತನಾಲ್ಕು! ಗೌರಿ, ಇಪ್ಪತ್ತಮೂರು!" ತಾಯಂದಿರು ಜಗಲಿಯ ಕೆಳಗೆ ನಿಂತು ನೋಡುತ್ತಿದ್ದರು. ಯಾರ ಮುಖದಲ್ಲೂ ನಗುವಿಲ್ಲ. ಹೊಸದಲ್ಲವೇ, ಬೆರಗಾಗಿರಬೇಕು ಎಂದುಕೊಂಡೆ.

ಮಾರನೆಯ ದಿನ ಗೌರಿಗೆ ಜ್ವರ ಬಂತು. ಎರಡೇ ದಿನಕ್ಕೆ ಬಿಟ್ಟಿತು. ಆದರೆ ಮೂರನೆಯ ದಿನ ಬಾಲವಾಡಿಗೆ ಬಂದ ಮಕ್ಕಳು ಆರೇ ಆರು.

ಯಾಕೆಂದು ಕೇಳಲು ಕೆಂಚಮ್ಮನ ಮನೆಗೆ ಹೋದೆ. ಕೆಂಚಮ್ಮ ಎಂದರೆ ಚಿಕ್ಕರಂಗನ ಅಜ್ಜಿ. ಊರಿನ ಹೆಂಗಸರೆಲ್ಲ ಅವಳ ಹುಬ್ಬು ನೋಡಿಕೊಂಡು ಮಾತಾಡುತ್ತಾರೆ. ರಾಗಿ ಕೇರುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಹೇಳಿದಳು:

"ಅಲ್ಲ ಕಣವ್ವ ಟೀಚರಮ್ಮ, ನಮ್ ಮಕ್ಳೇನು ಆಲೂಗಡ್ಡೆ ಮೂಟೆನಾ, ತೂಕ ಆಕಿ ಆಸನದ ಮಂಡಿಗೆ ಕಳ್ಸಾಕೆ? ತೂಗೋದು ತೂಗ್ದೆ. ಇಷ್ಟು ರಾತ್ಲು ಅಂತ ಊರಿಗೆಲ್ಲ ಕೇಳಂಗೆ ಬಾಯಿ ಬಡ್ಕೊಂಡ್ಯಲ್ಲ, ದಿಷ್ಟಿ ಆಗಾಕಿಲ್ವಾ?"

"ದೃಷ್ಟಿ ಗಿಷ್ಟಿ ಏನೂ ಇಲ್ಲ ಕೆಂಚಮ್ಮ. ಗೌರಿಗೆ ಬಂದದ್ದು ಬರೀ ನೆಗಡಿ ಜ್ವರ."

"ನಿನಗೆ ಮಕ್ಳವಾ?"

"ಇಲ್ಲ."

"ನಾನು ಐದು ಮಕ್ಳ ಎತ್ತು ಎಲ್ಡು ಮಣ್ಣಿಗಿಟ್ಟೋಳು," ಎಂದಳು. ಕೋಪದಿಂದಲ್ಲ. ಸುಮ್ಮನೆ ಲೆಕ್ಕ ಒಪ್ಪಿಸಿದ ಹಾಗೆ.

ಆಮೇಲೆ ನಾನು ವಿಜ್ಞಾನ ಹೇಳಲಿಲ್ಲ.

ಅಷ್ಟರಲ್ಲಿ ಕೆಂಚಮ್ಮನ ಮೊಮ್ಮಗಳು ಜಯಮ್ಮ ಬಾಗಿಲಲ್ಲಿ ಬಂದು ನಿಂತಳು. ಒಂಬತ್ತು ವರ್ಷದ ಹುಡುಗಿ. ಸೊಂಟದ ಮೇಲೆ ತಮ್ಮ ಚಿಕ್ಕರಂಗ. ಅಪ್ಪ ಅಮ್ಮ ಹೊಲಕ್ಕೆ ಹೋದರೆ ತಮ್ಮನನ್ನು ಹೊತ್ತು ತಿರುಗುವುದು ಅವಳ ಕೆಲಸ. ಮೂರು ವರ್ಷ ಹೊತ್ತೂ ಹೊತ್ತೂ ಅವಳ ನಡಿಗೆಯೇ ಒಂದು ಕಡೆಗೆ ವಾಲಿತ್ತು. ಬಾಲವಾಡಿ ಶುರುವಾಗಿ, ಹಾಲಿನ ಆಸೆಗೆ ಚಿಕ್ಕರಂಗ ಅಲ್ಲಿ ಕೂರತೊಡಗಿದ ಮೇಲೆಯೇ ಅವಳು ಸ್ಲೇಟು ಹಿಡಿದದ್ದು. ಹಾಗೆ ತಮ್ಮಂದಿರನ್ನು ಜಗಲಿಯಲ್ಲಿ ಇಳಿಸಿ ಶಾಲೆಯ ಒಳಕ್ಕೆ ಹೋದ ಹುಡುಗಿಯರು ಐದು ಜನ. ಈಗ ಐದೂ ಸೊಂಟಗಳ ಮೇಲೆ ಮತ್ತೆ ಐದು ತಮ್ಮಂದಿರು.

"ಟೀಚರಮ್ಮ, ಎರಡನೇ ಪಾಠ ಆಗೋಯ್ತಾ?" ಎಂದು ಜಯಮ್ಮ ಕೇಳಿದಳು.

ನಾನು ಕೆಂಚಮ್ಮನ ಕಡೆ ನೋಡಿದೆ. ಕೆಂಚಮ್ಮ ಮೊಮ್ಮಗಳ ಕಡೆ ನೋಡಿದಳು. ಕೊನೆಗೆ ಅವಳೇ ದಾರಿ ತೋರಿಸಿದಳು.

"ಒಂದ್ ಕೆಲ್ಸ ಮಾಡವ್ವ. ತೂಕ ಆಕ್ಕೋ, ಬ್ಯಾಡ ಅನ್ನಾಕಿಲ್ಲ. ಕೂಗೋವಾಗ ಮಾತ್ರ ಎಲ್ಡು ರಾತ್ಲು ಕಮ್ಮಿ ಕೂಗು. ಅಷ್ಟೆಯ."

ಇಷ್ಟೇ ತಾನೆ? ಬಾಯಲ್ಲಿ ಎರಡು ಪೌಂಡು ಕಮ್ಮಿ ಹೇಳಿದರೆ ಮಗು ಎರಡು ಪೌಂಡು ಇಳಿದುಹೋಗುತ್ತದೆಯೇ? ಒಪ್ಪಿಕೊಂಡೆ. ಎರಡನೆಯ ತಿಂಗಳು ಮಕ್ಕಳೆಲ್ಲ ಬಂದರು. ಚಿಕ್ಕರಂಗನ ಮುಳ್ಳು ಇಪ್ಪತ್ತನಾಲ್ಕರ ಮೇಲೆ ಚೂರು ತೋರಿಸಿತು. ನಾನು "ಇಪ್ಪತ್ತೆರಡು!" ಎಂದು ಕೂಗಿದೆ. ಹೆಂಗಸರ ಮುಖ ಅರಳಿತು. ಮೇಷ್ಟ್ರು ತಲೆ ಎತ್ತದೆ ಬರೆದರು. ಇಪ್ಪತ್ತೆರಡು.

ಸಂಜೆ ಅವರ ಹತ್ತಿರ ಹೋಗಿ ವಿಷಯ ತಿಳಿಸಿದೆ. "ಎಲ್ಲದಕ್ಕೂ ಎರಡು ಎರಡು ಸೇರಿಸಿಬಿಡಿ ಮೇಷ್ಟ್ರೇ, ಸರಿಹೋಗುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. "ನೀವು ಕೂಗಿದ್ದನ್ನು ನಾನು ಕೇಳಿದೆ. ಕೇಳಿದ್ದನ್ನು ಬರೆದೆ. ಬರೆದದ್ದನ್ನು ತಿದ್ದುವುದಕ್ಕೆ ಅವಕಾಶ ಇಲ್ಲ ಅಂತ ಮೊದಲನೇ ಪುಟದಲ್ಲೇ ಇದೆ, ಮೇಡಂ."

"ಆದರೆ ಅದು ಸುಳ್ಳಲ್ಲವೇ?"

"ಸುಳ್ಳು ಕೂಗಿದವರು ನೀವು. ನಾನು ಸತ್ಯವಾಗಿ ಬರೆದಿದ್ದೇನೆ."

ಇದಕ್ಕೆ ನೀವಾದರೆ ಏನು ಹೇಳುತ್ತಿದ್ದಿರಿ? ಅವರು ಕೆಟ್ಟವರಲ್ಲ. ಒಂದು ಉಪಾಯವನ್ನೂ ಹೇಳಿದರು. ಕೊನೆಯ ಷರಾ ಕಾಲಂನಲ್ಲಿ 'ದೃಷ್ಟಿ ತಾಗದಿರಲೆಂದು ಕಡಿಮೆ ಕೂಗಲಾಗಿದೆ' ಎಂದು ನಾನೇ ಬರೆದು ಸಹಿ ಹಾಕಬಹುದಂತೆ. ಎಸ್ಸೆಸ್ಸೆಲ್ಸಿ ಪಾಸಾದವಳು, ಟ್ರೈನಿಂಗ್ ಆದವಳು, ನಾನು ಹಾಗೆ ಬರೆಯುವುದೇ? ಹಾಸನದ ಕಚೇರಿಯವರೆಲ್ಲ ಕೂತು ನಗುವುದಿಲ್ಲವೇ? ನನಗೆ ಮರ್ಯಾದೆ ಅಡ್ಡ ಬಂತು. ಮನೆಗೆ ಹೋಗಿ ನನ್ನ ನೋಟ್‌ಬುಕ್ಕಿನಲ್ಲಿ ನಿಜವಾದ ತೂಕಗಳನ್ನು ಬರೆದಿಟ್ಟುಕೊಂಡೆ. ರಿಜಿಸ್ಟರಿಗೆ ಸಹಿ ಹಾಕಿದೆ. ಅದನ್ನೆಲ್ಲ ಯಾರು ಓದುತ್ತಾರೆ ಎಂಬ ಧೈರ್ಯ.

ಆಮೇಲೆ ಕೆಲಸ ಕೈಮೀರಿತು. ಮೂರನೆಯ ತಿಂಗಳು ಮಕ್ಕಳು ನಿಜಕ್ಕೂ ಬೆಳೆದಿದ್ದವು. ಎರಡು ಪೌಂಡು ಕಳೆದು "ಇಪ್ಪತ್ತಮೂರು" ಎಂದು ಕೂಗಿದರೆ, "ಓದ್ ತಿಂಗ್ಳು ಇಪ್ಪತ್ತೆಲ್ಡು ಅಂದಿದ್ಯಲ್ಲವ್ವ? ಬೆಳೀತಾ ಅದೆ ಅಂತ ಸಾರ್ತಿದೀಯ?" ಎಂದು ತಕರಾರು. ಹಾಗಾಗಿ ಇಪ್ಪತ್ತೊಂದು ಎಂದೆ. ಜೊತೆಗೆ ಪೈಪೋಟಿ ಬೇರೆ. ಗೌರಿಯ ತಾಯಿ ಬಂದು, "ಚಿಕ್ಕರಂಗಂಗೆ ಇಪ್ಪತ್ತೊಂದು ಕೂಗಿ ನಮ್ ಗೌರಿಗೆ ಇಪ್ಪತ್ತೆರಡು ಯಾಕ್ ಕೂಗ್ದೆ? ನಮ್ ಮಗೀಗೆ ದಿಷ್ಟಿ ಆಗ್ಲಿ ಅಂತಲಾ?" ಎಂದು ಅತ್ತೇಬಿಟ್ಟಳು. ಸರಿ, ಗೌರಿಗೆ ಇಪ್ಪತ್ತು. ಅದನ್ನು ಕೇಳಿ ಇನ್ನೊಬ್ಬಳ ಮಗುವಿಗೆ ಹತ್ತೊಂಬತ್ತೂವರೆ. ಹರಾಜು ಹಿಂದುಮುಂದಾಗಿ ನಡೆದ ಹಾಗೆ! ತೂಕ ಹಾಕುವ ದಿನ ಯಾರ ಮಗುವಿಗೆ ಕಮ್ಮಿ ಕೂಗಿದೆನೋ ಅವಳು ಬೀಗಿಕೊಂಡು ಮನೆಗೆ ಹೋಗುತ್ತಿದ್ದಳು.

ಮೇಷ್ಟ್ರು ಒಂದಕ್ಷರ ಬಿಡದೆ ಬರೆದರು. ಮುತ್ತಿನಂಥ ಅಕ್ಷರದಲ್ಲಿ. ನಾನು ಪ್ರತಿ ತಿಂಗಳೂ ಸಹಿ ಹಾಕಿದೆ.

ಆರು ತಿಂಗಳಾದ ಮೇಲೆ ತಿಳಿಯಿತು. ಯಾರೂ ಓದುವುದಿಲ್ಲ ಎಂದುಕೊಂಡಿದ್ದೆನಲ್ಲ, ಓದುವವರು ಇದ್ದರು.

ಅಧಿಕಾರಿಗಳು ಬಂದದ್ದು ಬೆಳಿಗ್ಗೆ ಹತ್ತಕ್ಕೆ, ಜೀಪಿನಲ್ಲಿ. ಅವರ ಹುದ್ದೆ ಇವ್ಯಾಲ್ಯುಯೇಷನ್ ಆಫೀಸರು. ಹೆಂಗಸರ ಬಾಯಿಗೆ ಅದು ಹೊರಳಲಿಲ್ಲ. "ಯಾವ ಎಲೆಕ್ಷನ್ನವ್ವ? ಮೊನ್ನೆ ಮೊನ್ನೆ ಓಟು ಆಕಿದ್ವಲ್ಲ?" ಎಂದು ಕೇಳಿಕೊಂಡೇ ಎಲ್ಲರೂ ಸೇರಿದರು. ಸಾಹೇಬರು ರಿಜಿಸ್ಟರು ತೆರೆದರು, ಮಕ್ಕಳನ್ನು ನೋಡಿದರು, ಮತ್ತೆ ರಿಜಿಸ್ಟರು ನೋಡಿದರು. ಆಗಲೇ ಮೊದಲು ಹೇಳಿದ ಆ ಪ್ರಶ್ನೆ ಬಂದದ್ದು.

"ಇವು ಈ ಊರಿನವೇ ಸಾರ್," ಎಂದೆ.

"ಹಾಗಾದ್ರೆ ಇಲ್ಲಿ ಬರೆದಿರೋದು? ಇದೋ, ಚಿಕ್ಕರಂಗ. ಶುರುವಿನಲ್ಲಿ ಇಪ್ಪತ್ತನಾಲ್ಕು, ಈಗ ಇಪ್ಪತ್ತು. ಎಲ್ಲ ಮಕ್ಕಳದ್ದೂ ಇದೇ ಕಥೆ. ಹಾಲು ಕುಡಿದ ಮಗು ಇಳಿಯುತ್ತಾ? ಹಾಲಿನ ಪುಡಿ ಎಲ್ಲಿಗೆ ಹೋಯ್ತು ಮೇಡಂ? ಯಾರಿಗೆ ಮಾರಿದ್ರಿ?"

ಕಳ್ಳಿ ಎಂದು ಜೀವಮಾನದಲ್ಲಿ ಯಾರೂ ನನ್ನನ್ನು ಅಂದಿರಲಿಲ್ಲ. ಓಡಿ ಹೋಗಿ ನೋಟ್‌ಬುಕ್ಕು ತಂದು ಕೊಟ್ಟೆ. ಎಲ್ಲವನ್ನೂ ಹೇಳಿದೆ. ದೃಷ್ಟಿಯ ವಿಷಯ, ಕೂಗಿದ ತೂಕ, ತೂಗಿದ ತೂಕ, ಎಲ್ಲ. ಅವರು ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಮರಳಿಸಿದರು.

"ಇದು ಪ್ರೈವೇಟ್ ಪುಸ್ತಕ. ಇದರಲ್ಲಿ ಒಂದೇ ಸಹಿ ಇದೆ. ರೆಕಾರ್ಡ್ ಅಂದ್ರೆ ಅದು," ಎಂದು ರಿಜಿಸ್ಟರು ತೋರಿಸಿದರು. "ಮೇಷ್ಟ್ರೇ, ಇದರಲ್ಲಿರೋದು ನೀವು ಕೇಳಿದ್ದೇ ತಾನೆ?"

"ಅಕ್ಷರಶಃ ಸಾರ್," ಎಂದರು ಶಿವನಂಜಯ್ಯ ಮೇಷ್ಟ್ರು. ಹೇಳಿದ ಮೇಲೆ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

"ಸರಿ. ಈಗ ನನ್ನ ಎದುರಿಗೆ ತೂಗಿ. ನಿಜ ಕೂಗಿ."

ಚೀಲವನ್ನು ಕೊಕ್ಕೆಗೆ ಹಾಕಿದೆ. ಜಗಲಿಯ ಕೆಳಗೆ ಹೆಂಗಸರೆಲ್ಲ ನಿಂತಿದ್ದರು. ನಿಜ ಕೂಗಿದರೆ ನಾಳೆಯಿಂದ ಒಂದು ಮಗುವೂ ಬರುವುದಿಲ್ಲ, ಜಯಮ್ಮನಿಗೆ ಸ್ಲೇಟೂ ಇಲ್ಲ. ಕಮ್ಮಿ ಕೂಗಿದರೆ ನಾನು ಕಳ್ಳಿ, ಹಾಲೂ ಇಲ್ಲ. ಯಾವ ಮಗುವನ್ನೂ ಎತ್ತಿಕೊಳ್ಳಲು ಕೈ ಬರಲಿಲ್ಲ. ಗೌರಿಯ ತಾಯಿ ಆಗಲೇ ಗೌರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದಳು.

ಆಗ ಕೆಂಚಮ್ಮ ಮುಂದೆ ಬಂದಳು.

"ಸಾ, ಆಯಮ್ಮಂದೇನೂ ತಪ್ಪಿಲ್ಲ. ಕಮ್ಮಿ ಕೂಗ್ಸಿದ್ದು ನಾವು."

"ಯಾಕೆ?"

"ಮಕ್ಳು ಉಳೀಲಿ ಅಂತ."

ಸಾಹೇಬರಿಗೆ ಅರ್ಥವಾಗಲಿಲ್ಲ. "ಹಾಲು ಬಂತೋ ಇಲ್ವೋ ಅಷ್ಟು ಹೇಳಮ್ಮ," ಎಂದರು. ಕೆಂಚಮ್ಮ ಜಯಮ್ಮನ ಸೊಂಟದಿಂದ ಚಿಕ್ಕರಂಗನನ್ನು ಕಿತ್ತುಕೊಂಡು ಜಗಲಿ ಹತ್ತಿ, ತಾನೇ ಅವನ ಕಾಲುಗಳನ್ನು ಚೀಲದೊಳಕ್ಕೆ ತೂರಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

"ಕೂಗವ್ವ. ಇದ್ದಿದ್ದು ಇದ್ದಂಗೇ ಕೂಗು. ಏನಾದ್ರೂ ಆದ್ರೆ ನಾನು ದಿಷ್ಟಿ ತೆಗೀತೀನಿ ಬುಡು. ನಿನ್ನ ಕಳ್ಳಿ ಅನ್ನೋದು ಕೇಳಕ್ಕಾಗಾಕಿಲ್ಲ."

ಆ ಹೆಂಗಸಿಗೆ ಇದು ಬರೀ ಮಾತಲ್ಲ ಎಂಬುದನ್ನು ನೀವು ನೆನಪಿಡಬೇಕು. ಎರಡು ಮಕ್ಕಳನ್ನು ಮಣ್ಣಿಗಿಟ್ಟವಳು ಅವಳು. ನನ್ನ ಬಾಯಿಂದ ನಿಜವಾದ ತೂಕ ಹೊರಟರೆ ಮೊಮ್ಮಗನ ಜೀವಕ್ಕೆ ಕುತ್ತು ಎಂದು ಪೂರ್ತಿಯಾಗಿ ನಂಬಿದವಳು. ನಂಬಿಯೂ ಅವನನ್ನು ತಂದು ಕೊಕ್ಕೆಗೆ ಹಾಕಿದಳು.

"ಚಿಕ್ಕರಂಗ, ಇಪ್ಪತ್ತೇಳು," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಗಟ್ಟಿಯಾಗಿ!" ಎಂದರು ಸಾಹೇಬರು.

"ಇಪ್ಪತ್ತೇಳು!"

ಕೆಂಚಮ್ಮ ಮೂರು ಸಲ ಥೂ ಥೂ ಎಂದು ಪಕ್ಕಕ್ಕೆ ಉಗಿದು ಮೊಮ್ಮಗನನ್ನು ಇಳಿಸಿಕೊಂಡಳು. ಕೆಳಗೆ ನಿಂತವರ ಕಡೆ ತಿರುಗಿ, "ಏನ್ರೇ ನೋಡ್ತಾ ನಿಂತ್ರಿ? ತರ್ರೇ ಮಕ್ಳ!" ಎಂದು ಗದರಿದಳು. ಒಬ್ಬೊಬ್ಬಳಾಗಿ ತಂದರು. ಗೌರಿಯ ತಾಯಿಯೂ ತಂದಳು, ಕಣ್ಣೊರೆಸಿಕೊಳ್ಳುತ್ತ. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ನಿಜ. ಮೇಷ್ಟ್ರು ಎಲ್ಲವನ್ನೂ ಬರೆದರು. ಸಾಹೇಬರು ಪ್ರತಿಯೊಂದು ಸಂಖ್ಯೆಗೂ "ಭೇಷ್" ಎಂದರು. ಪ್ರತಿ ಭೇಷಿಗೂ ಹೆಂಗಸರು ಬೆಚ್ಚಿದರು.

ತೂಕ ಮುಗಿಯುತ್ತಲೇ ಕೆಂಚಮ್ಮ ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ತರಿಸಿ ಒಂದೊಂದು ಮಗುವಿಗೂ ದೃಷ್ಟಿ ತೆಗೆದಳು. ಕೊನೆಗೆ ನನಗೂ ತೆಗೆದಳು. ಮೆಣಸಿನಕಾಯಿಯ ಘಾಟಿಗೆ ಸಾಹೇಬರು ಕೆಮ್ಮುತ್ತ ಜೀಪು ಹತ್ತಿದರು. (ಅವರಿಗೂ ತೆಗೆಯುವವಳಿದ್ದಳು. ಡ್ರೈವರು ಬೇಗ ಹೊರಡಿಸಿಬಿಟ್ಟ.)

ಮೂರನೆಯ ದಿನ ಚಿಕ್ಕರಂಗನಿಗೆ ಜ್ವರ ಬಂತು.

ಸುದ್ದಿ ತಂದವಳು ಜಯಮ್ಮ. ಮಕ್ಕಳಿಗೆ ಜ್ವರ ಯಾಕೆ ಬರುತ್ತದೆ ಎಂದು ಟ್ರೈನಿಂಗಿನಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ, ಪಾಸಾಗಿದ್ದೇನೆ. ಅದು ಯಾವುದೂ ಆ ಗಳಿಗೆಯಲ್ಲಿ ಕೆಲಸಕ್ಕೆ ಬರಲಿಲ್ಲ. 'ಇಪ್ಪತ್ತೇಳು' ಎಂದು ಎರಡು ಸಲ ಕೂಗಿದೆನಲ್ಲ, ಎರಡು ಸಲ! ನಾಲ್ಕು ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಕೂರಲು ಮನಸ್ಸಾಗಲಿಲ್ಲ. ದಂಡಿಗನಹಳ್ಳಿಗೆ ನಡೆದು ಹೋಗಿ ಕಾಂಪೌಂಡರಿಂದ ಔಷಧಿ ತಂದೆ. ದಾರಿಯಲ್ಲಿ ಒಂದು ಗುಡಿ ಸಿಕ್ಕಿತು. ಒಳಗೆ ಹೋದೆನೋ ಇಲ್ಲವೋ ಎಂದು ದಯವಿಟ್ಟು ಕೇಳಬೇಡಿ.

ಐದನೆಯ ದಿನ ಹೋದಾಗ ಚಿಕ್ಕರಂಗ ಬಾಗಿಲಲ್ಲೇ ಕೂತು ಮುದ್ದೆ ತಿನ್ನುತ್ತಿದ್ದ. ಬೈಗುಳಕ್ಕೆ ಸಿದ್ಧಳಾಗಿಯೇ ಕೆಂಚಮ್ಮನ ಮುಂದೆ ನಿಂತೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಎಳೇ ಉಣ್ಸೇಕಾಯಿ ತಿಂದಿದ್ದ ಕಣವ್ವ, ಅದ್ಕೇ ಜರ ಬಂದ್ಬುಟ್ಟಿತ್ತು. ನಿನ್ ಬಾಯಿಂದಲ್ಲ," ಎಂದಳು.

ಅದು ಹುಣಸೆಕಾಯಿ ಬಿಡುವ ಕಾಲವಾಗಿರಲಿಲ್ಲ. ನಾನು ಕೂತು ಅತ್ತುಬಿಟ್ಟೆ. "ಅಳ್ಬೇಡ ಸುಮ್ಕಿರು, ಮಗ ಎದ್ರಿಕೊತದೆ," ಎಂದು ಒಂದು ಲೋಟ ನೀರುಮಜ್ಜಿಗೆ ಕೊಟ್ಟಳು.

ಮಕ್ಕಳು ಬಾಲವಾಡಿಗೆ ಬರುವುದನ್ನು ಬಿಡಲಿಲ್ಲ. ಕೆಂಚಮ್ಮನೇ ಕಳುಹಿಸುತ್ತಿರುವಾಗ ಉಳಿದವರು ಹೇಗೆ ಬಿಟ್ಟಾರು? ಎಲ್ಲ ಸರಿಹೋಯಿತು, ಇನ್ನು ಹಾಲೂ ಮುಂದುವರಿಯುತ್ತದೆ ಎಂದು ನಿಶ್ಚಿಂತೆಯಿಂದ ಇದ್ದೆ.

ಎರಡು ತಿಂಗಳ ಹಿಂದೆ ಹಾಸನದಿಂದ ವರದಿಯ ಒಂದು ಪ್ರತಿ ಬಂತು. ಸೈಕ್ಲೋಸ್ಟೈಲ್ ಮಾಡಿದ ಎಂಟು ಪುಟ, ಇಂಗ್ಲಿಷಿನಲ್ಲಿ. ನಾನೂ ಮೇಷ್ಟ್ರೂ ಡಿಕ್ಷನರಿ ಇಟ್ಟುಕೊಂಡು ಒಂದು ಮಧ್ಯಾಹ್ನ ಪೂರ್ತಿ ಓದಿದೆವು. ನಮ್ಮ ಬಾಲವಾಡಿಯದೇ ಒಂದು ಗ್ರಾಫ್ ಇತ್ತು. ಮೊದಲ ತಿಂಗಳಿಂದ ಆರನೆಯ ತಿಂಗಳವರೆಗೆ ಗೆರೆ ಇಳಿಜಾರು. ಏಳನೆಯ ತಿಂಗಳು ಥಟ್ಟನೆ ತೆಂಗಿನ ಮರದ ಹಾಗೆ ನೆಟ್ಟಗೆ ಮೇಲಕ್ಕೆ.

ಅದರ ಕೆಳಗೆ ತೀರ್ಮಾನ. ಆರು ತಿಂಗಳು ಹಾಲು ಕೊಟ್ಟರೂ ಈ ಕೇಂದ್ರದ ಮಕ್ಕಳ ತೂಕ ಹೆಚ್ಚಲಿಲ್ಲ, ಆದ್ದರಿಂದ ಇಲ್ಲಿ ಹಾಲಿನಿಂದ ಪ್ರಯೋಜನ ಕಾಣುವುದಿಲ್ಲ. ಅಧಿಕಾರಿಗಳು ಖುದ್ದಾಗಿ ತನಿಖೆ ಮಾಡಿದ ತಿಂಗಳಲ್ಲಿ ಮಾತ್ರ ಎಲ್ಲ ಮಕ್ಕಳ ತೂಕವೂ ಗಣನೀಯವಾಗಿ ಏರಿದೆ. ಆದ್ದರಿಂದ ಹಾಲನ್ನು ಬೇರೆ ಕಡೆಗೆ ವರ್ಗಾಯಿಸುವುದು. ತನಿಖೆಯನ್ನು ತಿಂಗಳಿಗೆ ಎರಡು ಸಲಕ್ಕೆ ಹೆಚ್ಚಿಸುವುದು.

ಮೇಷ್ಟ್ರು ಅದನ್ನು ಮೂರು ಸಲ ಓದಿದರು. "ಲೆಕ್ಕದಲ್ಲಿ ತಪ್ಪಿಲ್ಲ," ಎಂದರು.

ನಾನು ಎರಡು ಕಾಗದ ಬರೆದೆ. ಒಂದಕ್ಕೆ ಉತ್ತರವಿಲ್ಲ. ಇನ್ನೊಂದಕ್ಕೆ, ನಿಮ್ಮ ಮನವಿಯನ್ನು ಮುಂದಿನ ಮೌಲ್ಯಮಾಪನದ ಕಾಲಕ್ಕೆ ಪರಿಶೀಲಿಸಲಾಗುವುದು ಎಂದು ಉತ್ತರ. ಅಷ್ಟರಲ್ಲಿ ಡ್ರಮ್ಮಿನ ತಳ ಕಂಡಿತು. ಹಾಲು ನಿಂತ ಎರಡನೆಯ ವಾರಕ್ಕೆ ಜಗಲಿಯ ಸಾಲು ಅರ್ಧವಾಯಿತು. ಚಿಕ್ಕರಂಗನಿಗೆ ನನ್ನ ಹಾಡು, ಕಥೆ ಯಾವುದೂ ರುಚಿಸಲಿಲ್ಲ. ಬಂದು ಡ್ರಮ್ಮಿನೊಳಕ್ಕೆ ಬಗ್ಗಿ ನೋಡಿ ಅಕ್ಕನ ಸೊಂಟಕ್ಕೆ ಹತ್ತುತ್ತಿದ್ದ.

ಐದು ಹುಡುಗಿಯರಲ್ಲಿ ನಾಲ್ವರು ಶಾಲೆ ಬಿಟ್ಟರು. ಜಯಮ್ಮ ಬಿಡಲಿಲ್ಲ. ಹದಿನೈದು ದಿನದ ಕೆಳಗೆ ಒಂದು ಬೆಳಿಗ್ಗೆ ತಮ್ಮನನ್ನು ಹೊತ್ತುಕೊಂಡೇ ತರಗತಿಯ ಬಾಗಿಲಲ್ಲಿ ನಿಂತಳು.

"ಒಳೀಕ್ ಬರ್ಲಾ ಸಾ?"

ನಾನು ಜಗಲಿಯಿಂದ ಬಗ್ಗಿ ನೋಡಿದೆ. ಶಾಲೆಯೊಳಗೆ ಶಿಶುಗಳನ್ನು ತರಬಾರದು ಎಂಬ ನಿಯಮ ಇದೆ. ನಿಯಮದ ವಿಷಯದಲ್ಲಿ ಶಿವನಂಜಯ್ಯ ಮೇಷ್ಟ್ರು ಎಂಥವರು ಎಂದು ಇಷ್ಟು ಹೊತ್ತಿಗೆ ನಿಮಗೂ ಗೊತ್ತಾಗಿದೆ. ಅವರು ಹಾಜರಿ ಪುಸ್ತಕ ತೆರೆದು, ಬೆರಳಿಟ್ಟುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು.

"ಚಿಕ್ಕರಂಗ ಅನ್ನೋ ಹೆಸರು ಇದರಲ್ಲಿ ಇಲ್ಲ. ಪುಸ್ತಕದಲ್ಲಿ ಇಲ್ಲದವನು ತರಗತಿಯಲ್ಲೂ ಇಲ್ಲ. ನೀನು ಬಂದು ಕೂತ್ಕೋ ಜಯಮ್ಮ."

ಅವನು ಇಲ್ಲದವನಾಗಿಯೇ ದಿನಾ ಅಲ್ಲಿ ಕೂರುತ್ತಾನೆ, ಒಮ್ಮೊಮ್ಮೆ ಮೇಷ್ಟ್ರ ಮೇಜಿನ ಕೆಳಗೆ ಮಲಗಿರುತ್ತಾನೆ. ಮೊನ್ನೆ ಸೋಮವಾರದಿಂದ ಇನ್ನೂ ಇಬ್ಬರು ಹುಡುಗಿಯರು ವಾಪಸು ಬಂದಿದ್ದಾರೆ, ಇನ್ನೂ ಇಬ್ಬರು ಇಲ್ಲದವರನ್ನು ಹೊತ್ತುಕೊಂಡು. ಜಯಮ್ಮ ಎರಡನೆಯ ಪಾಠ ಎಂದೋ ದಾಟಿ ಹದಿನೈದಕ್ಕೆ ಬಂದಿದ್ದಾಳೆ. ಇದನ್ನು ಬರೆಯುವ ಕಾಲಂ ನನ್ನ ರಿಜಿಸ್ಟರಿನಲ್ಲಿ ಎಲ್ಲಿಯೂ ಇಲ್ಲ. ಷರಾದಲ್ಲಿ ಬರೆಯೋಣವೆಂದರೆ ಈಗ ನನಗೇ ಹೆದರಿಕೆ. ಗೊತ್ತಾದರೆ ಇದನ್ನೂ ಬೇರೆ ಕಡೆಗೆ ವರ್ಗಾಯಿಸಿಬಿಟ್ಟರೆ?

ಬುಧವಾರ ತನಿಖೆ ಇದೆಯಂತೆ, ಈ ತಿಂಗಳ ಎರಡನೆಯದು. ಒಂದೇ ಜೀಪಿಗೆ ಮಕ್ಕಳು ಅಷ್ಟು ದಪ್ಪಗಾದರೆ, ಹಾಸನದವರು ಎರಡು ಜೀಪು ಕಳುಹಿಸಬಾರದೇ?